ಮೇಜಿನ ಕೆಳಗಿನ ಬ್ರೇಕು

"ಕಪ್ಪೆ... ಕೆರೆಯ... ದ... ದಂ..."

ಧಡ್!

ಮೇಜಿನ ಕೆಳಗೆ ಅಪ್ಪನ ಬಲಗಾಲು ನೆಲಕ್ಕೆ ಅಪ್ಪಳಿಸಿತು. ಮೇಲಿದ್ದ ಪೆನ್ಸಿಲ್ ಡಬ್ಬಿ ಜಿಗಿದು ಪಕ್ಕಕ್ಕೆ ಬಿತ್ತು. ಓದುತ್ತಿದ್ದ ಮಗಳು ಗಪ್‌ಚುಪ್.

"ದಂಡೆ! ದಂಡೆಯಲ್ಲಿ! ಮುಂದೆ ಒತ್ತಕ್ಷರ ಇದೆ ಅಂತ ಕಾಣಲ್ವಾ? ಅದು ಬರೋಕೆ ಮುಂಚೇನೇ ನಿಧಾನ ಮಾಡ್ಬೇಕು."

ಅವನನ್ನೂ ಸುಮ್ಮನೆ ಬೈಯುವ ಹಾಗಿಲ್ಲ ಬಿಡಿ. ಹದಿನಾಲ್ಕು ವರ್ಷದಿಂದ ಜನಕ್ಕೆ ಕಾರು ಕಲಿಸುವುದೇ ಅವನ ಕಸುಬು. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಗೂ ಒಂದು ಬ್ರೇಕು ಇರುತ್ತದೆ. ಅದನ್ನು ಒತ್ತಿ ಒತ್ತಿ ಅವನ ಬಲಗಾಲು ಅವನ ಮಾತೇ ಕೇಳುವುದನ್ನು ಬಿಟ್ಟಿದೆ. ಹೆಂಡತಿ ಹಾಲು ಬಗ್ಗಿಸುವಾಗ ಲೋಟ ತುಂಬುತ್ತಾ ಬಂದರೆ ಧಡ್. ಟಿವಿಯಲ್ಲಿ ಯಾರಾದರೂ ಮೆಟ್ಟಿಲಿಳಿದು ಓಡಿದರೂ ಧಡ್. ಕೆಳಗಿನ ಮನೆಯ ದರ್ಜಿ ಆಗಲೇ ಮೂರು ಸಲ ಮೇಲೆ ಬಂದು, "ಏನು ಸ್ವಾಮಿ ಕುಟ್ತಾ ಇದ್ದೀರಿ?" ಎಂದು ಕೇಳಿ ಹೋಗಿದ್ದ.

ಮಗಳು ಎರಡನೇ ಕ್ಲಾಸು. ಮನೆಯಲ್ಲಿ ಎಲ್ಲರೂ ಕರೆಯುವುದು ಹಾರ್ನು ಅಂತ. ಹುಟ್ಟಿದ ದಿನ ಆಸ್ಪತ್ರೆಯನ್ನೇ ಎಬ್ಬಿಸಿದ ಗಂಟಲು ಅದು. ಆ ಹಾರ್ನು ಈಗ ಪುಸ್ತಕ ಮುಚ್ಚಿ, ಕೇಳಿಸಿಯೂ ಕೇಳಿಸದ ಹಾಗೆ ಹೇಳಿತು: "ನಾಳೆ ನಾನು ಸ್ಕೂಲಿಗೆ ಹೋಗಲ್ಲ. ಹೊಟ್ಟೆನೋವು."

"ನಾಳೆಯ ಹೊಟ್ಟೆನೋವು ಇವತ್ತೇ ಬಂತೇನೇ?" ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಅನುಮಾನ ಬಂದು ಶಾಲೆಯ ಡೈರಿ ತೆಗೆದರೆ, ಟೀಚರ್ ಕೆಂಪು ಶಾಯಿಯಲ್ಲಿ ಅರ್ಧ ಪುಟ ಬರೆದಿದ್ದರು. ಅಮ್ಮ ಗಟ್ಟಿಯಾಗಿ ಓದಿದಳು.

"ನಾಳೆ ಕ್ಲಾಸಿನ ಮುಂದೆ ನಿಂತು ಕಥೆ ಓದುವ ಸರದಿ ನಿಮ್ಮ ಮಗಳದು. ಮಾತಾಡಿದರೆ ಮೂರು ಕ್ಲಾಸಿಗೆ ಕೇಳಿಸುತ್ತಾಳೆ, ಓದಿದರೆ ಪಕ್ಕದವಳಿಗೂ ಕೇಳಿಸುವುದಿಲ್ಲ. ಒಂದೊಂದು ಪದಕ್ಕೂ ನಿಂತು, ಬಗ್ಗಿ ನನ್ನ ಕಾಲು ನೋಡುತ್ತಾಳೆ. ಯಾಕೆಂದು ತಿಳಿಯಲಿಲ್ಲ. ನನ್ನದು ಹೊಸ ಚಪ್ಪಲಿಯೂ ಅಲ್ಲ."

"ಟೀಚರ್ ಕಾಲು ಇವಳು ಯಾಕೆ ನೋಡ್ಬೇಕು?" ಅಪ್ಪ ಹುಬ್ಬು ಗಂಟಿಕ್ಕಿದ.

"ರೀ, ನಿಜವಾಗ್ಲೂ ಗೊತ್ತಾಗ್ಲಿಲ್ವಾ?" ಅಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು. "ಒಂದ್ಸಲ ಮೇಜಿನ ಕೆಳಗೆ ಬಗ್ಗಿ ನೋಡಿ."

ಅಪ್ಪ ಬಗ್ಗಿ ನೋಡಿದ. ಬಲಗಾಲು ಇನ್ನೂ ನೆಲವನ್ನು ಒತ್ತಿ ಹಿಡಿದೇ ಇತ್ತು.

"ಅಲ್ಲ ಕಣೇ, ಬ್ರೇಕ್ ಹಾಕ್ದಿದ್ರೆ ಇವಳು ತಪ್ಪು ತಪ್ಪೇ ಓದ್ತಾಳಲ್ಲ!"

"ಮತ್ತೆ ಆ ಹಲ್ಲಿನ ಡಾಕ್ಟ್ರು?" ಎಂದಳು ಮಗಳು. ದಿನಾ ಬೆಳಿಗ್ಗೆ ಅವಳು ಶಾಲೆಗೆ ಹೋಗುವುದು ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ, ಕಾರು ಕಲಿಯುವವರ ಹಿಂದೆ ಕೂತು. ಅಲ್ಲಿ ನಡೆಯುವುದೆಲ್ಲ ಅವಳಿಗೆ ಬಾಯಿಪಾಠ. "ಇವತ್ತು ಸಿಗ್ನಲ್ಲಲ್ಲಿ ಏಳು ಸಲ ಆಫ್ ಮಾಡಿದ್ರು. ಹಿಂದಿನೋರೆಲ್ಲ ಪೀಂ ಪೀಂ ಅಂದ್ರು. ನೀನು 'ಪರವಾಗಿಲ್ಲ ಡಾಕ್ಟ್ರೇ, ನಿಧಾನಕ್ಕೆ ಇನ್ನೊಂದ್ಸಲ ಸ್ಟಾರ್ಟ್ ಮಾಡಿ' ಅಂದೆ. ಏಳು ಸಲಾನೂ ಅಂದೆ."

"ಅದು ಬೇರೆ ಕಂದಾ. ಅವರು ಇನ್ನೂ ಕಲೀತಾ ಇದ್ದಾರೆ."

"ನಾನು?"

ಅಪ್ಪ ಬಿದ್ದಿದ್ದ ಪೆನ್ಸಿಲ್ ಡಬ್ಬಿಯನ್ನು ಎತ್ತಿ ನೆಟ್ಟಗೆ ಇಟ್ಟ.

"ಕಾರಲ್ಲಿ ಯಾರಾದ್ರೂ ಅಡ್ಡ ಬಂದ್ರೆ ಮಾತ್ರ ನೀನು ಬ್ರೇಕ್ ಹಾಕ್ತೀಯ. ಇಲ್ಲಿ ಯಾರಪ್ಪ ಅಡ್ಡ ಬಂದ್ರು? ಇರೋದು ಒಂದು ಕಪ್ಪೆ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿಕೊಂಡಿತು.

ಅಪ್ಪ ಎರಡೂ ಕಾಲನ್ನು ಮೇಲೆಳೆದುಕೊಂಡು ಕುರ್ಚಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಬಲಗಾಲನ್ನು ಎಡತೊಡೆಯ ಕೆಳಗೆ ಸಿಕ್ಕಿಸಿ ಭದ್ರ ಮಾಡಿದ. "ಈಗ ಓದು."

ಹಾರ್ನು ಮೂಗು ಒರೆಸಿಕೊಂಡು, ಮೇಜಿನ ಕೆಳಗೆ ಬಗ್ಗಿ, ಅಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪುಸ್ತಕ ತೆರೆಯಿತು.

"ಕಪ್ಪೆ ಕೆರೆಯ ದಂಡೆಯಲ್ಲಿ ಕೂತಿತ್ತು. ಅದರ ತಲೆಯ ಮೇಲೆ... ಮನೆ ಬಿತ್ತು."

ಪುಟದಲ್ಲಿ ಇದ್ದದ್ದು ಮಳೆ. ಅಪ್ಪನ ಬಲಗಾಲು ಒದ್ದಾಡಿತು. ಅವನು ಅದರ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಹಲ್ಲು ಕಚ್ಚಿದ. ಹಣೆ ಬೆವರಿತು. ಅಮ್ಮ ಬಾಗಿಲಲ್ಲಿ ನಿಂತು, "ಅಬ್ಬಾ, ಏನು ತಪಸ್ಸು!" ಎಂದುಕೊಂಡಳು.

ಮಗಳು ಚಿತ್ರ ನೋಡಿದಳು. ತಲೆ ಕೆರೆದುಕೊಂಡಳು. "ಮನೆ ಬಿದ್ರೆ ಕಪ್ಪೆ ಅಪ್ಪಚ್ಚಿ ಆಗ್ಬೇಕಿತ್ತಲ್ಲ? ಇದು ನಗ್ತಾ ಇದೆ... ಓ! ಮಳೆ! ಮಳೆ ಬಿತ್ತು!"

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿಲ್ಲ. ಎಡವಿದಳು, ಹಿಂದೆ ಬಂದಳು, ಮತ್ತೆ ಹೊರಟಳು. ಮೂರನೇ ಪುಟದ ಹೊತ್ತಿಗೆ ಗಂಟಲು ಪೂರ್ತಿ ತೆರೆದಿತ್ತು. ಕೆಳಗಿನಿಂದ ದರ್ಜಿ ಕೂಗಿದ: "ಇದೇನ್ರೀ, ಕುಟ್ಟೋದು ಬಿಟ್ಟು ಕಪ್ಪೆ ಸಾಕಿದ್ದೀರಾ?"

ಕಥೆ ಮುಗಿಯುವಷ್ಟರಲ್ಲಿ ಅಪ್ಪನ ಎರಡೂ ಕಾಲು ಜೋಮು ಹಿಡಿದು ಇಳಿಸಲೂ ಆಗುತ್ತಿರಲಿಲ್ಲ. ಕೂತಲ್ಲೇ ಕೈ ಚಾಚಿ ಡೈರಿ ಎಳೆದುಕೊಂಡ. ಟೀಚರ್ ಬರೆದಿದ್ದರ ಕೆಳಗೆ ಇದ್ದ ಜಾಗದಲ್ಲಿ, ಗುಂಡು ಗುಂಡಾಗಿ, ನಿಧಾನವಾಗಿ ಬರೆದ:

"ಮೇಡಂ, ನಾಳೆಯೂ ಅವಳು ಬಗ್ಗಿ ನಿಮ್ಮ ಕಾಲು ನೋಡಿದರೆ ತಪ್ಪು ತಿಳಿಯಬೇಡಿ. ಅವಳು ಅಲ್ಲಿ ಹುಡುಕುವುದು ನನ್ನ ಕಾಲನ್ನು."