ಅತ್ತೆಯ ಸೆಟ್ಟಿಂಗ್

ಹೆಡ್‌ಫೋನ್ ಹಾಕಿಕೊಂಡವಳೇ ಸೊಸೆ ಅದನ್ನು ಕಿತ್ತು ಮೇಜಿನ ಮೇಲೆ ಎಸೆದಳು. ಕಿವಿಯೊಳಗೆ ಸೂಜಿ ಚುಚ್ಚಿದಂತಾಗಿತ್ತು. ಮತ್ತೆ ಅತ್ತೆಯ ಸೆಟ್ಟಿಂಗ್.

ಮನೆಯಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪ್. ಸೊಸೆ ಹೆಡ್‌ಫೋನ್ ಹಾಕಿಕೊಂಡು ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುತ್ತಿದ್ದಳು. ಮಧ್ಯಾಹ್ನ ಅವಳು ಕೆಲಸ ಬಿಟ್ಟು ಎದ್ದಾಗ ಅತ್ತೆ ಅದರ ಸ್ಪೀಕರಿನಲ್ಲಿ ಪತ್ತೇದಾರಿ ನಾಟಕ ಕೇಳುತ್ತಿದ್ದರು. ವಯಸ್ಸಾಗಿ ಅವರಿಗೆ ಮಾತನ್ನು ಬಿಡಿಸಿ ಕೊಡುವ ಚೂಪು ದನಿಗಳು ಕೇಳಿಸುತ್ತಿರಲಿಲ್ಲ. ಅದಕ್ಕೆ ಒಂದೊಂದು ಬಗೆಯ ದನಿಯನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರಿನಲ್ಲಿ ಆ ದನಿಗಳನ್ನು ತುದಿಯವರೆಗೆ ಏರಿಸಿಕೊಳ್ಳುತ್ತಿದ್ದರು. ಇಳಿಸಲು ಮರೆತರೆ ಶಿಕ್ಷೆ ಸೊಸೆಯ ಕಿವಿಗೆ.

"ಹಾಳಾದ್ದು, ಮರೆತೇ ಹೋಯ್ತು ಕಣೆ," ಎಂದರು ಅತ್ತೆ ಬಾಗಿಲಲ್ಲಿ ನಿಂತು. "ನಿನಗೆ ಅನ್ನ ಹಾಕೋ ಕಿವಿ ಅದು. ಇನ್ಮೇಲೆ ನನಗೆ ನಾಟಕಾನೂ ಬೇಡ, ಗೀಟಕಾನೂ ಬೇಡ."

"ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗೋದು ಬೇಡ್ವಾ?" ಸೊಸೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಏನಂದೆ?"

"ಏನಿಲ್ಲ ಬಿಡಿ."

ಮರುದಿನ ನಾಟಕದ ಹೊತ್ತಿಗೆ ಅತ್ತೆ ಮಡಿಸಿಟ್ಟ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತಾ ಕೂತಿದ್ದರು. ನೋಡಿದ ಸೊಸೆ ಅಲ್ಲೇ ನಿರ್ಧರಿಸಿದಳು: ನೆನಪಿಡುವ ಕೆಲಸ ಲ್ಯಾಪ್‌ಟಾಪಿಗೇ ಇರಲಿ. ಹೆಡ್‌ಫೋನ್ ಸಿಕ್ಕಿಸಿದರೆ ತನ್ನ ಸೆಟ್ಟಿಂಗ್, ಕಿತ್ತರೆ ಅತ್ತೆಯದು, ತಾನಾಗಿ ಬದಲಾಗಬೇಕು.

"ಪ್ರೋಗ್ರಾಂ ಬರೆಯೋಕೆ ನಿನಗೆಲ್ಲಿ ಬರುತ್ತೆ?" ಎಂದ ಗಂಡ.

"ಬರಲ್ಲ. ಬರಿಸ್ಕೋತೀನಿ."

ಬಲ್ಲವರು ಬರೆದದ್ದನ್ನು ಓದಿದಳು, ನಕಲು ಮಾಡಿದಳು, ಕೆಡಿಸಿದಳು. ಒಮ್ಮೆ ದನಿಯೇ ಹೊರಡಲಿಲ್ಲ. ಇನ್ನೊಮ್ಮೆ ಎರಡೂ ಸೆಟ್ಟಿಂಗ್ ಅದಲುಬದಲಾಗಿ ಕಿವಿ ಗುಂಯ್ ಎಂದಿತು. ಆದರೂ ಪಟ್ಟು ಬಿಡಲಿಲ್ಲ. ಡಾಕ್ಟರು ಕೊಟ್ಟಿದ್ದ ಅತ್ತೆಯ ಕಿವಿ ಪರೀಕ್ಷೆಯ ನಕ್ಷೆಯನ್ನು ಎದುರಿಗಿಟ್ಟುಕೊಂಡು, ಯಾವ ದನಿ ಎಷ್ಟು ಕಡಿಮೆ ಕೇಳುತ್ತದೋ ಅದನ್ನು ಅಷ್ಟೇ ಏರಿಸಲು ಹೊರಟಳು.

ಆತುರದಲ್ಲಿ ಏರಿಸುವ ಬದಲು ಇಳಿಸಿಬಿಟ್ಟಳು. ಅದೂ ಸ್ಪೀಕರಿಗಲ್ಲ, ತನ್ನ ಹೆಡ್‌ಫೋನಿಗೆ.

ಪರದೆಯ ಮೇಲೆ ತಾಯಿಯೊಬ್ಬಳು ಮಗಳಿಗೆ ಏನೋ ಹೇಳಿದಳು. ತುಟಿ ಅಲುಗಿತು, ದನಿಯೂ ಬಂತು, ಮಾತು ಮಾತ್ರ ಬರಲಿಲ್ಲ. ಗೋಡೆಯಾಚೆ ಯಾರೋ ಮಾತಾಡಿದ ಹಾಗಿತ್ತು. ಅತ್ತೆಗೆ ಎಲ್ಲವೂ ಹೀಗೇ ಕೇಳಿಸುತ್ತದೆ ಎಂದು ಹೊಳೆದಾಗ ತಪ್ಪು ಸರಿಪಡಿಸಲು ಚಾಚಿದ ಕೈ ಅಲ್ಲೇ ನಿಂತಿತು. ಆ ದೃಶ್ಯ ಮುಗಿಯುವವರೆಗೂ ಹಾಗೆಯೇ ಕೇಳುತ್ತಾ ಕೂತಳು.

ಸಂಜೆಗೆ ಎಲ್ಲ ಹದಕ್ಕೆ ಬಂತು. ಹೆಡ್‌ಫೋನ್ ಕಿತ್ತೊಡನೆ ಸ್ಪೀಕರ್ ಅತ್ತೆಯ ಸೆಟ್ಟಿಂಗಿಗೆ ತಿರುಗಿತು. ಸೊಸೆ ಇದ್ದಲ್ಲಿಂದಲೇ ಕೂಗಲಿಲ್ಲ. ಅಡುಗೆಮನೆಗೆ ಹೋಗಿ, ಅತ್ತೆಯ ಎದುರು ಬಂದು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಅತ್ತೆ, ಲ್ಯಾಪ್‌ಟಾಪ್ ಸರಿಹೋಯ್ತು. ಬನ್ನಿ, ಇಬ್ರೂ ಕೂತು ಕೇಳೋಣ."

ಅತ್ತೆ ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಅವಳ ಮುಖವನ್ನೇ ನೋಡಿದರು.

"ಇಷ್ಟು ಚೆನ್ನಾಗಿ ಮಾತಾಡ್ತೀಯಲ್ಲೇ," ಎಂದರು. "ಈ ಮನೆಗೆ ಬಂದಾಗಿಂದ ನನ್ನ ಮೇಲೆ ಗೊಣಗ್ತಾನೇ ಇದ್ದೀಯ ಅಂದ್ಕೊಂಡಿದ್ದೆ."