ಕಣ್ಣಾರೆ ಕಂಡ ಸಾಲು

ಇವತ್ತಂತೂ ಗುಮಾಸ್ತೆ ಬೈಯಲೇಬೇಕಿತ್ತು. ಬೈಯಲಿಲ್ಲ. ಗಾಜಿನ ಕಿಂಡಿಯಾಚೆಯಿಂದ ಬಾಯ್ತುಂಬ ನಕ್ಕು, "ಬನ್ನಿ ಅಮ್ಮಾ, ಕೂತ್ಕೊಳ್ಳಿ," ಎಂದಳು.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇದೇ ಆಸ್ಪತ್ರೆ, ಇದೇ ಕಿಂಡಿ, ಇದೇ ಗುಮಾಸ್ತೆ. ಇವಳ ಮುಂದೆ ನಿಂತು ನಿಂತು ಅಕ್ಕನ ಚಪ್ಪಲಿ ಸವೆದಿತ್ತು. ಒಂದು ದಿನವೂ ಇವಳು ತಲೆಯೆತ್ತಿ ನೋಡಿದವಳಲ್ಲ.

ವಿಷಯ ಇಷ್ಟೇ. ಅಕ್ಕನದು ಇಸ್ತ್ರಿ ಅಂಗಡಿ. ಗಂಡ ಇಸ್ತ್ರಿ ಹಾಕುತ್ತಿದ್ದ, ಅವಳು ಮಡಿಸುತ್ತಿದ್ದಳು. ಗಂಡನ ಸೊಂಟದ ಕೀಲು ಸವೆದು, ಈಗ ಅವನು ಗೋಡೆ ಹಿಡಿದು ಬಚ್ಚಲವರೆಗೆ ಹೋದರೆ ಅದೇ ದೊಡ್ಡದು. ಕೀಲು ಬದಲಾಯಿಸಬೇಕು. ವಿಮೆ ಇದೆ. ಆದರೆ ಹೊಸ ಕಾನೂನಿನಂತೆ ವಿಮೆಗೆ ವೈದ್ಯರ ಪತ್ರ ಬೇಕು, ಪತ್ರ ಒಂದು ತಿಂಗಳಿಗಿಂತ ಹಳೆಯದಾಗಿರಬಾರದು. ಆಪರೇಷನ್ನಿಗೆ ದಿನ ಸಿಗುವುದೋ ತಿಂಗಳು ಕಳೆದ ಮೇಲೆ. ದಿನ ಬರುವಷ್ಟರಲ್ಲಿ ಪತ್ರ ಹಳಸಿರುತ್ತದೆ. ಹೊಸ ಪತ್ರ ತಂದರೆ ಹೊಸ ದಿನ. ಅದು ಬರುವಷ್ಟರಲ್ಲಿ ಆ ಪತ್ರವೂ ಹಳಸಿರುತ್ತದೆ. ಇದನ್ನು ಬರೆದ ಪುಣ್ಯಾತ್ಮರಿಗೆ ಸೊಂಟವೇ ಇರಲಿಲ್ಲವೋ ಏನೋ.

ಅವರಲ್ಲೊಬ್ಬ ಅವಳ ಒಡಹುಟ್ಟಿದ ತಮ್ಮ. ಶಾಸಕ. ಶಾಸಕರಿಗೆ ಬೇರೆಯೇ ವಿಮೆ. ಅದರಲ್ಲಿ ಪತ್ರವೂ ಇಲ್ಲ, ಸಾಲೂ ಇಲ್ಲ. ಶಾಸಕರೂ ಜನರ ವಿಮೆಯಲ್ಲೇ ಇರಬೇಕೆಂದು ಯಾರೋ ತಿದ್ದುಪಡಿ ತಂದಿದ್ದರು. ನಾಳೆ ಮತ. ತಮ್ಮ ಎತ್ತ ವಾಲಿದರೆ ಸದನದಲ್ಲಿ ಹತ್ತಾರು ಜನ ಅತ್ತಲೇ ವಾಲುತ್ತಿದ್ದರು.

"ನೀವು ಶಾಸಕರೂ ಆಸ್ಪತ್ರೆ ಸಾಲಿಗೆ ಬನ್ನಿ. ಆಮೇಲೆ ಆ ಪತ್ರದ ನಿಯಮ ಎಷ್ಟು ದಿನ ಉಳಿಯುತ್ತೆ ನೋಡೋಣ," ಎಂದು ಅಕ್ಕ ತಮ್ಮನ ಮನೆಗೇ ಹೋಗಿ ಕೂಗಾಡಿದ್ದಳು.

"ನೀನು ಎಲ್ಲಾನೂ ಒಂದಕ್ಕೆರಡು ಮಾಡಿ ಹೇಳ್ತೀಯ."

"ಹಾಗಾದ್ರೆ ಬಾ, ನನ್ನ ಜೊತೆ ನಿಂತ್ಕೋ. ಶಾಸಕ ಅಂತ ಹೇಳ್ಕೊಳ್ದೆ."

ತಮ್ಮ ಕೆಟ್ಟವನಲ್ಲ. "ಬರ್ತೀನಿ. ನೀನು ಹೇಳಿದ್ದು ನಿಜ ಅಂತ ಕಂಡ್ರೆ ನನ್ನ ಮತ ತಿದ್ದುಪಡಿಗೇ," ಎಂದ. ಬಾಗಿಲಲ್ಲಿದ್ದ ಆಪ್ತ ಸಹಾಯಕನತ್ತ ತಿರುಗಿ, "ನಾನು ಅಂತ ಒಂದು ನರಪಿಳ್ಳೆಗೂ ಗೊತ್ತಾಗಬಾರದು," ಎಂದ.

"ಚಿಂತೆ ಬಿಡಿ ಸಾರ್. ಎಲ್ರೂ ನಿಮ್ಮನ್ನ ಗುರುತಿಲ್ಲದವರ ಹಾಗೇ ನೋಡ್ತಾರೆ."

ಹಾಗೆ ಬಂದಿದ್ದರು. ತಮ್ಮನ ಮೈಮೇಲೆ ಭಾವನ ಮಾಸಲು ಅಂಗಿ, ತಲೆಗೊಂದು ಟೋಪಿ. ಇಬ್ಬರೂ ಒಳಗೆ ಕಾಲಿಟ್ಟಾಗ ಬೆಂಚಿನ ಮೇಲಿದ್ದವರೆಲ್ಲ ಒಮ್ಮೆಲೇ ಎದ್ದರು, ಮತ್ತೆ ಕೂತರು. ಯಾರದೋ ಸರದಿ ಕರೆದರೇನೋ ಎಂದುಕೊಂಡಳು ಅಕ್ಕ. ದಿನವೂ ಜಾಗ ಹಿಡಿದಿಡುತ್ತಿದ್ದ ಬಾಣಂತಿ ಇರಲಿಲ್ಲ. ಉಬ್ಬಸದ ಅಜ್ಜಿಯೂ ಇರಲಿಲ್ಲ. ಸಾಕ್ಷಿ ಬೇಕಾದ ದಿನವೇ ಇವರಿಗೆಲ್ಲ ವಾಸಿಯಾಗಬೇಕೇ!

ಬಲಗೈಗೆ ಭುಜದವರೆಗೂ ಪ್ಲಾಸ್ಟರು ಹಾಕಿಸಿಕೊಂಡಿದ್ದವನೊಬ್ಬ ಪಕ್ಕಕ್ಕೆ ಸರಿದ. "ನಂದು ನಿಧಾನ ಆಗುತ್ತೆ. ನೀವು ಮುಂದೆ ಹೋಗಿ."

"ಬೇಡ! ನಾವು ಸಾಲಲ್ಲೇ ನಿಂತ್ಕೋತೀವಿ," ಎಂದಳು ಅಕ್ಕ. ನಿಲ್ಲಲು ಸಾಲಾದರೂ ಇರಬೇಕಲ್ಲ. ಒಬ್ಬೊಬ್ಬರೂ ಕಿಂಡಿಯ ಬಳಿ ಹೋಗಿ, ತಲೆಯಾಡಿಸಿ, ಕಣ್ಣುಮುಚ್ಚಿ ತೆಗೆಯುವುದರೊಳಗೆ ಹಿಂದಿರುಗಿದರು. ಇಸ್ತ್ರಿಯವಳ ಕಣ್ಣು, ಎಲ್ಲರ ಪ್ಯಾಂಟಿನ ಗೆರೆ ಚಾಕುವಿನಂತೆ ನೆಟ್ಟಗಿದ್ದದ್ದು ಅವಳಿಗೆ ಕಂಡಿತು. ತಾನು ಮಾತ್ರ ಮುದುಡಿದ ಬಟ್ಟೆಯಲ್ಲಿ ಬಂದಿದ್ದೇನೆಂದು ಅದಕ್ಕೂ ಸಿಟ್ಟು ಬಂತು.

ಕಿಂಡಿಯಲ್ಲಿ ಬೇಕೆಂದೇ ಹಳೆಯ ಪತ್ರ ಕೊಟ್ಟಳು.

"ಪತ್ರ ಹಳೇದು, ನೋಡ್ಕೊಳ್ಳಿ," ಎಂದು ತಾನೇ ಹೇಳಿದಳು.

"ಪರವಾಗಿಲ್ಲ ಅಮ್ಮಾ. ಒಂದೆರಡು ದಿನ ಹೆಚ್ಚುಕಮ್ಮಿ ಆಗೇ ಆಗುತ್ತೆ."

"ಹೋದ ವಾರ ಇದೇ ಪತ್ರನ ನನ್ನ ಮುಖಕ್ಕೆಸೆದಿದ್ದು ನೀನೇ ಅಲ್ವಾ?"

"ನಾನಾ? ಛೆ ಛೆ. ಸೋಮವಾರ ಯಜಮಾನರನ್ನ ಕರ್ಕೊಂಡು ಬನ್ನಿ, ಆಪರೇಷನ್ ಮಾಡಿಬಿಡ್ತಾರೆ."

ಗಂಡ ಮತ್ತೆ ನಡೆಯುತ್ತಾನೆ. ಖುಷಿಗೆ ಅಳಬೇಕೋ ಸಿಟ್ಟಿಗೆ ಅಳಬೇಕೋ ಅಕ್ಕನಿಗೆ ತಿಳಿಯಲಿಲ್ಲ. ದಿನಾ ಕೈಕೊಡುವ ಇಸ್ತ್ರಿಪೆಟ್ಟಿಗೆ ರಿಪೇರಿಯವನು ಬಂದ ದಿನ ಮಾತ್ರ ಚೆನ್ನಾಗಿ ಕಾಯುತ್ತದಲ್ಲ, ಹಾಗಾಗಿತ್ತು.

ಹೊರಗೆ ಬಂದ ಮೇಲೆ ತಮ್ಮ ಅವಳ ಬೆನ್ನು ಸವರಿದ. "ಭಾವಂಗೆ ಹುಷಾರಿಲ್ಲ, ನಿಂಗೂ ಸುಸ್ತು. ಅದಕ್ಕೇ ಎಲ್ಲಾ ದೊಡ್ಡದಾಗಿ ಕಾಣುತ್ತೆ ಅಕ್ಕ."

"ನಾನು ಸುಳ್ಳು ಹೇಳ್ದೆ ಅಂತೀಯಾ?"

ಅವನು ಇನ್ನೊಮ್ಮೆ ಅವಳ ಬೆನ್ನು ಸವರಿದ. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು.

ಮರುದಿನ ಅಂಗಡಿ ಮುಚ್ಚಿ ಸದನದ ಗ್ಯಾಲರಿಗೆ ಹೋದಳು. ಕೊನೇ ಗಳಿಗೆಯಲ್ಲಾದರೂ ಅವನ ಮನಸ್ಸು ಬದಲಾದೀತೆಂಬ ಆಸೆ. ಕೆಳಗೆ ತಮ್ಮ ಎದ್ದುನಿಂತ.

"ನಾನು ಸಾಮಾನ್ಯನಂತೆ ಹೋಗಿ ಸಾಲಿನಲ್ಲಿ ನಿಂತು ಬಂದಿದ್ದೇನೆ. ಕಣ್ಣಾರೆ ಕಂಡಿದ್ದೇನೆ. ಜನರಿಗೆ ಯಾವ ತೊಂದರೆಯೂ ಇಲ್ಲ. ಈ ತಿದ್ದುಪಡಿ ಬರೀ ನಾಟಕ!"

ಮೇಜು ಕುಟ್ಟುವ ಸದ್ದು ಮೇಲಿನವರೆಗೂ ಬಂತು. ಅಕ್ಕನಿಗೆ ಬಾಣಂತಿ ನೆನಪಾದಳು, ಉಬ್ಬಸದ ಅಜ್ಜಿ ನೆನಪಾದಳು. ತಡೆಯಲಾಗದೆ ಎದ್ದುನಿಂತಳು. "ಒಂದು ದಿನ ನೋಡಿದ್ರೆ..." ಎನ್ನುವಷ್ಟರಲ್ಲಿ ಸಮವಸ್ತ್ರದ ಜವಾನನೊಬ್ಬ ಹಿಂದಿನಿಂದ ಬಂದು ಬಗ್ಗಿದ. ಪ್ಯಾಂಟಿನ ಗೆರೆ ಚಾಕುವಿನಂತಿತ್ತು.

"ಇಲ್ಲಿ ಮಾತಾಡೋ ಹಾಗಿಲ್ಲ ಅಮ್ಮಾ. ನಿಮ್ಮ ಕೆಲಸ ಸೋಮವಾರ ಆಗುತ್ತಲ್ಲ, ಸುಮ್ನೆ ಕೂತ್ಕೊಳ್ಳಿ."

ಸೋಮವಾರದ ವಿಷಯ ಅವಳು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಕೆಳಗೆ ಮತದಾನದ ಗಂಟೆ ಬಾರಿಸಿತು. ಅಕ್ಕ ತಿರುಗಿ ನೋಡಿದಳು.

ಅವನು ತುಟಿಯ ಮೇಲೆ ಬೆರಳಿಟ್ಟು "ಶ್" ಎಂದ. ನಿನ್ನೆ ಭುಜದವರೆಗೂ ಪ್ಲಾಸ್ಟರಿನಲ್ಲಿದ್ದ ಬಲಗೈಯ ಬೆರಳು.