ನೂರು ಹೂವಿನ ಜೇನು

ಮಗಳ ಜತೆ ಓದಿದ ಹುಡುಗನೊಬ್ಬ ಎರಡು ಬಾಟಲಿ ಜೇನು ಹಿಡಿದು ಮನೆಗೆ ಬಂದ. ಒಂದು ಸೂರ್ಯಕಾಂತಿ ಹೊಲದ್ದು, ಇನ್ನೊಂದು ಕಾಯಿಸದ ಕಾಡುಜೇನು. ಜೇನಿನ ಮೇಲೆ ಭಾಷಣ ಮಾಡಲು ಅಪ್ಪನಿಗೆ ಹಾರ, ಮೈಕು ಬೇಕಿರಲಿಲ್ಲ. ಒಂದು ಜತೆ ಕಿವಿ ಸಿಕ್ಕರೆ ಸಾಕಿತ್ತು.

ಸೂರ್ಯಕಾಂತಿಯದನ್ನು ನಾಲಿಗೆಗೆ ಹಚ್ಚಿಕೊಂಡು ಮುಖ ಸಿಂಡರಿಸಿದರು.

"ಒಂದೇ ಹೂವಿಂದು ನೋಡಪ್ಪ. ಸಿಹಿ ಇದೆ, ಅಷ್ಟೇ. ಯಾವ ಬಾಟ್ಲಿ ತೆಗೆದ್ರೂ ಅದೇ ರುಚಿ."

ಕಾಡಿನದನ್ನು ಚಪಾತಿಯ ಮೇಲೆ ಧಾರಾಳವಾಗಿ ಸುರಿದುಕೊಂಡರು.

"ಇದು ಜೇನು. ಮತ್ತಿ, ನೇರಳೆ, ಹೊಂಗೆ, ಹೆಸರೇ ಗೊತ್ತಿಲ್ಲದ ಬೇಲಿ ಹೂವು, ಎಲ್ಲಾ ಸೇರಿದೆ. ಜೇನುಹುಳ ಯಾವ ಹೂವನ್ನಾದ್ರೂ ನೀನ್ಯಾರು ಅಂತ ಕೇಳುತ್ತಾ? ಬೆರೆತ್ರೇನೇ ಕಣಯ್ಯ ಸತ್ವ."

"ಅಂದ್ರೆ ಬೆರೆಯೋದು ಒಳ್ಳೇದು ಅಂತೀರ?" ಮಗಳು ಕೇಳಿದಳು.

"ಪ್ರಕೃತಿನೇ ಹಾಗನ್ನುತ್ತಮ್ಮ. ಬೇಡ ಅನ್ನೋಕೆ ನಾನ್ಯಾರು?"

"ಹಾಗಿದ್ರೆ ಅಪ್ಪ, ನಾವಿಬ್ರೂ ಮದುವೆ ಆಗ್ಬೇಕು ಅಂತಿದೀವಿ."

ಅಪ್ಪ ಬೆರಳು ನೆಕ್ಕುವುದನ್ನು ನಿಲ್ಲಿಸಿ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾವ ಜನ ನಿಮ್ದು?"

ಹುಡುಗ ಹೇಳಿದ.

"ಅದೆಲ್ಲ ನಮ್ಮನೇಲಿ ನಡೆಯೋಲ್ಲ. ಅಜ್ಜನ ಕಾಲದಿಂದ ನಮ್ಮವರಲ್ಲೇ ಕೊಟ್ಟು ತಂದು ಮಾಡಿದೋರು ನಾವು."

ಮಗಳು ಕಾಡುಜೇನಿನ ಬಾಟಲಿಗೆ ಮುಚ್ಚಳ ಬಿಗಿದು ತನ್ನ ಚೀಲಕ್ಕೆ ಹಾಕಿಕೊಂಡಳು. ಸೂರ್ಯಕಾಂತಿಯದನ್ನು ಅಪ್ಪನ ತಟ್ಟೆಯ ಪಕ್ಕಕ್ಕೆ ಸರಿಸಿಟ್ಟು, ಎದ್ದು ಹೊರಟ ಹುಡುಗನ ಹಿಂದೆಯೇ ಚಪ್ಪಲಿ ಮೆಟ್ಟಿಕೊಂಡಳು.